ವೇಷ ತೊಟ್ಟ ಕವಿ, ಅಗ್ಗದ ಕೀಬೋರ್ಡು

(ಸಂಗೀತಾಸಕ್ತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



1988ರ ಫೆಬ್ರುವರಿಯಲ್ಲಿ 'ಐ ಆ್ಯಮ್ ಯುವರ್ ಮ್ಯಾನ್' ಎಂಬ ಇಂಗ್ಲಿಷ್ ಗೀತಸಂಪುಟವೊಂದು ಹೊರಬಂತು. ಅದರ ಹೊದಿಕೆಯ ಮೇಲೊಂದು ಕಪ್ಪು ಬಿಳುಪು ಚಿತ್ರವಿದೆ. ನಡುವಯಸ್ಸು ದಾಟಿದ ಒಬ್ಬಾತ ಸೂಟು ತೊಟ್ಟು, ಕಪ್ಪು ಕನ್ನಡಕ ಹಾಕಿಕೊಂಡು, ಖಾಲಿ ಉಗ್ರಾಣದಂತಹ ಜಾಗದಲ್ಲಿ ನಿಂತಿದ್ದಾನೆ. ಕೈಯಲ್ಲಿ ಗಿಟಾರ್ ಇಲ್ಲ, ಹೂವಿಲ್ಲ, ಪುಸ್ತಕವಿಲ್ಲ. ಅರ್ಧ ತಿಂದ ಬಾಳೆಹಣ್ಣೊಂದಿದೆ! ಬೇರೆ ಯಾರದೋ ಹಾಡಿನ ಚಿತ್ರೀಕರಣದ ಬಿಡುವಿನಲ್ಲಿ ಪ್ರಚಾರದ ಕೆಲಸ ನೋಡಿಕೊಳ್ಳುತ್ತಿದ್ದ ಮಹಿಳೆಯೊಬ್ಬರು ಅಕಸ್ಮಾತ್ತಾಗಿ ತೆಗೆದ ಚಿತ್ರ ಅದು. ತಾನು ಭಾರೀ ಠೀವಿಯಿಂದ ನಿಂತಿದ್ದೇನೆ ಎಂದು ಮನುಷ್ಯ ಭಾವಿಸುವ ಹೊತ್ತಿನಲ್ಲೇ ಅವನ ಕೈಯಲ್ಲೊಂದು ಬಾಳೆಹಣ್ಣಿರುತ್ತದೆ ಎಂಬರ್ಥದ ಮಾತನ್ನು ಆತ ಮುಂದೆ ನಗುತ್ತ ಹೇಳಿದ್ದುಂಟು.

ಆತನೇ ಲಿಯೊನಾರ್ಡ್ ಕೊಹೆನ್. ಕೆನಡಾದ ಕವಿ, ಕಾದಂಬರಿಕಾರ, ಹಾಡುಗಾರ. ಗಿಟಾರ್ ಹಿಡಿದು ವಿಷಾದವನ್ನು ಹಾಡುವವನೆಂದು ಇಪ್ಪತ್ತು ವರ್ಷ ಹೆಸರಾಗಿದ್ದವನು. ಅಂಥವನು ಐವತ್ಮೂರನೆಯ ವಯಸ್ಸಿನಲ್ಲಿ ಗಿಟಾರನ್ನು ಪಕ್ಕಕ್ಕಿಟ್ಟು, ಹುಡುಗರು ಡಿಸ್ಕೋದಲ್ಲಿ ಕುಣಿಯುವ ಯಂತ್ರದ ತಾಳವನ್ನೇಕೆ ಕಟ್ಟಿಕೊಂಡ? ಕಾಲಕ್ಕೆ ತಕ್ಕ ಕೋಲ ಎಂದು ಕೆಲವರು ಅಂದರು. ಆದರೆ ಈ ಸಂಪುಟದ ಎಂಟು ಹಾಡುಗಳನ್ನು ಸಾಲಾಗಿ ಕೇಳಿದವರಿಗೆ ಬೇರೊಂದು ಸಂಗತಿ ಹೊಳೆಯುತ್ತದೆ. ಇಲ್ಲಿ ಕೋಲ ಕಟ್ಟಿರುವುದು ಸಂಗೀತವಲ್ಲ, ಹಾಡುವವನು. ಒಂದೊಂದು ಹಾಡಿನಲ್ಲೂ ಒಬ್ಬೊಬ್ಬ ವೇಷಧಾರಿ ಬಂದು ನಿಲ್ಲುತ್ತಾನೆ. ಆ ವೇಷಗಳಿಗೆ ಬೇಕಾದ ಬರಿಯ ರಂಗಸ್ಥಳವೇ ಆ ಯಂತ್ರದ ಸಂಗೀತ.

ಕೊಹೆನ್ ಹುಟ್ಟಿದ್ದು 1934ರಲ್ಲಿ, ಮಾಂಟ್ರಿಯಲ್ ನಗರಕ್ಕೆ ಅಂಟಿಕೊಂಡಿರುವ ವೆಸ್ಟ್‌ಮೌಂಟ್‌ನ ಅನುಕೂಲಸ್ಥ ಯಹೂದಿ ಮನೆತನದಲ್ಲಿ. ತಾಯಿಯ ತಂದೆ ಧರ್ಮಶಾಸ್ತ್ರದ ಪಂಡಿತ. ತಂದೆಯದು ಉಡುಪಿನ ವ್ಯಾಪಾರ; ಹುಡುಗನಿಗೆ ಒಂಬತ್ತು ವರ್ಷವಿದ್ದಾಗಲೇ ತಂದೆ ತೀರಿಕೊಂಡರು. ಮೊದಲ ಕವನ ಸಂಕಲನ 1956ರಲ್ಲಿ ಬಂತು. 1960ರಲ್ಲಿ ಗ್ರೀಸಿನ ಹೈಡ್ರಾ ದ್ವೀಪದಲ್ಲಿ 1,500 ಡಾಲರಿಗೊಂದು ಹಳೆಯ ಮನೆ ಕೊಂಡು ಅಲ್ಲಿ ಕುಳಿತು ಕವಿತೆ, ಕಾದಂಬರಿ ಬರೆದ. ವಿಮರ್ಶಕರು ಮೆಚ್ಚಿದರು, ಹೊಟ್ಟೆ ತುಂಬಲಿಲ್ಲ. ಹಾಡಿನ ಕಡೆಗೆ ಹೊರಳಿದ್ದು ಹಾಗೆ. 1967ರ ಕೊನೆಯಲ್ಲಿ ಮೊದಲ ಧ್ವನಿಮುದ್ರಿಕೆ ಬಂದಾಗ ಆತನಿಗೆ ಮೂವತ್ಮೂರು ವರ್ಷ. ಪಾಪ್ ಸಂಗೀತದ ಲೋಕದಲ್ಲಿ ಅದು ಚಿಕ್ಕಪ್ಪಂದಿರ ವಯಸ್ಸು.

ಆ ಗಿಟಾರಿಗೂ ಒಂದು ಕಥೆಯಿದೆ. 2011ರಲ್ಲಿ ಸ್ಪೇನಿನ ಆಸ್ಟೂರಿಯಸ್ ರಾಜಕುಮಾರ ಪ್ರಶಸ್ತಿ ಸ್ವೀಕರಿಸುವಾಗ ಕೊಹೆನ್ ಅದನ್ನು ಹೇಳಿದ. ಮಾಂಟ್ರಿಯಲ್‌ನ ಉದ್ಯಾನವೊಂದರಲ್ಲಿ ಗಿಟಾರ್ ನುಡಿಸುತ್ತಿದ್ದ ಸ್ಪೇನಿನ ತರುಣನೊಬ್ಬನನ್ನು ಕಂಡು, ಕಲಿಸಿಕೊಡು ಎಂದು ಕೇಳಿಕೊಂಡನಂತೆ. ಮೂರು ದಿನ ಪಾಠವಾಯಿತು. ಆರು ಸ್ವರಮೇಳಗಳು ಕೈಗೆ ಹತ್ತಿದವು. ನಾಲ್ಕನೆಯ ದಿನ ಗುರು ಬರಲಿಲ್ಲ. ವಿಚಾರಿಸಿದಾಗ ಆತ್ಮಹತ್ಯೆ ಮಾಡಿಕೊಂಡನೆಂದು ತಿಳಿಯಿತು. ತನ್ನ ಎಲ್ಲ ಹಾಡುಗಳ ತಳಪಾಯವೂ ಆ ಆರು ಸ್ವರಮೇಳಗಳೇ ಎಂದು ಕೊಹೆನ್ ಆ ಸಭೆಯಲ್ಲಿ ನೆನೆದ. ಬೆರಳಿಗೆ ಅಂಟಿದ ಒಂದೇ ಚಲನೆ, ಒಂದೇ ಮೀಟು; ಅದರಿಂದಲೇ ಮೊದಲ ಹತ್ತು ವರ್ಷಗಳ ಹಾಡುಗಳೆಲ್ಲ ಹುಟ್ಟಿದವು. ಅವುಗಳಲ್ಲಿ ಹಾಡುವವನು ಕವಿಯೇ ಎಂದು ಕೇಳುಗ ನಂಬುತ್ತಿದ್ದ. ಪತ್ರ ಬರೆದಂತೆ, ಅಥವಾ ರಾತ್ರಿ ಹೊತ್ತು ಪಿಸುಗುಟ್ಟಿದಂತೆ ಇರುತ್ತಿದ್ದವು.

ಆದರೆ ಈ ಬಗೆಯ ಮಾತಿಗೆ ಆಯುಸ್ಸು ಕಡಿಮೆ. 1970ರ ದಶಕ ಮುಗಿಯುವ ಹೊತ್ತಿಗೆ ಕೊಹೆನ್ ದಾರಿ ಹುಡುಕುತ್ತಿದ್ದ. 1977ರಲ್ಲಿ ಫಿಲ್ ಸ್ಪೆಕ್ಟರ್ ಜೊತೆ ಸೇರಿ 'ಡೆತ್ ಆಫ್ ಎ ಲೇಡೀಸ್ ಮ್ಯಾನ್' ಮಾಡಿದ. ಸ್ಪೆಕ್ಟರ್ ಎಂದರೆ ವಾದ್ಯದ ಮೇಲೆ ವಾದ್ಯ ಪೇರಿಸಿ 'ಶಬ್ದದ ಗೋಡೆ' ಕಟ್ಟುವುದಕ್ಕೆ ಹೆಸರಾದವನು. ಗೋಡೆ ಎದ್ದಿತು, ಕವಿ ಅದರ ಹಿಂದೆ ಸಿಕ್ಕಿಬಿದ್ದ. ಆತ ಮಾದರಿಗೆಂದು ಒಮ್ಮೆ ಹಾಡಿಟ್ಟಿದ್ದನ್ನೇ ಕೊನೆಯ ಹಾಡುಗಾರಿಕೆಯೆಂದು ಇಟ್ಟುಕೊಂಡು, ಸ್ಪೆಕ್ಟರ್ ಟೇಪುಗಳನ್ನು ತನ್ನ ಕಾವಲಿನಲ್ಲಿರಿಸಿ ಮಿಶ್ರಣ ಮುಗಿಸಿಬಿಟ್ಟ. ಹೆಚ್ಚು ವಾದ್ಯ ಸೇರಿದಷ್ಟೂ ತನ್ನ ಮಾತು ಕಳೆದುಹೋಗುತ್ತದೆಂಬ ಪಾಠವನ್ನು ಕೊಹೆನ್ ದುಬಾರಿ ಬೆಲೆ ಕೊಟ್ಟೇ ಕಲಿತ ಎನ್ನಬೇಕು.

ಈಗ ಯಂತ್ರದ ವಿಷಯಕ್ಕೆ ಬರೋಣ. ಸಿಂಥಸೈಜರ್ ಎಂದರೆ ವಿದ್ಯುತ್ತಿನಿಂದ ನಾದವನ್ನು ಹುಟ್ಟಿಸುವ ವಾದ್ಯ. ತಂತಿಯಿಲ್ಲ, ಚರ್ಮವಿಲ್ಲ, ಊದುವ ಉಸಿರಿಲ್ಲ. ವಿದ್ಯುತ್ತಿನ ಕಂಪನವನ್ನು ಸೋಸಿ, ತಿದ್ದಿ, ಬೇಕಾದ ಆಕಾರ ಕೊಟ್ಟು ಧ್ವನಿವರ್ಧಕಕ್ಕೆ ಕಳಿಸುವುದು ಅದರ ಕೆಲಸ. ಮೊದಮೊದಲು ಅಲ್ಮೇರಾದಷ್ಟು ದೊಡ್ಡದಾಗಿದ್ದ ಈ ಯಂತ್ರ 1970ರ ದಶಕದಲ್ಲಿ ಮೇಜಿನ ಮೇಲೆ ಬಂದು ಕುಳಿತಿತು. ಜರ್ಮನಿಯ ಡ್ಯುಸೆಲ್‌ಡಾರ್ಫ್‌ನ 'ಕ್ರಾಫ್ಟ್‌ವೆರ್ಕ್' ತಂಡ 1974ರಲ್ಲಿ 'ಆಟೋಬಾನ್' ಹೊರತಂದಾಗ ಯಂತ್ರಗಳಿಂದಲೇ ಪಾಪ್ ಸಂಗೀತ ಮಾಡಬಹುದೆಂದು ಲೋಕಕ್ಕೆ ಗೊತ್ತಾಯಿತು. 1979ರಲ್ಲಿ ಇಂಗ್ಲೆಂಡಿನ ಗ್ಯಾರಿ ನ್ಯೂಮನ್, 1981ರಲ್ಲಿ 'ಹ್ಯೂಮನ್ ಲೀಗ್' ತಂಡ ಅಲ್ಲಿಯ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿದವು. ಇದಕ್ಕೇ 'ಸಿಂಥ್ ಪಾಪ್' ಎಂಬ ಹೆಸರು ಬಂತು. ಇಪ್ಪತ್ತರ ಹರೆಯದವರ ಸಂಗೀತ ಅದು. ತುಟಿಗೆ ಬಣ್ಣ ಹಚ್ಚಿಕೊಂಡ ಹುಡುಗರು, ಭಾವವಿಲ್ಲದ ಮುಖ, ಗಡಿಯಾರದಂತಹ ತಾಳ. 1988ರ ಹೊತ್ತಿಗೆ ಅದರ ಹೊಸತನವೂ ಮಾಸತೊಡಗಿತ್ತು. ಫ್ಯಾಷನ್ನಿನ ಬೆನ್ನು ಹತ್ತಲು ಕೊಹೆನ್ ಹೊರಟಿದ್ದರೆ ಬಸ್ಸು ಆಗಲೇ ಹೋಗಿಯಾಗಿತ್ತು.

ವಾಸ್ತವವಾಗಿ ಆತನ ಕೈಗೆ ಸಿಕ್ಕಿದ್ದು ಆ ದುಬಾರಿ ಯಂತ್ರಗಳೂ ಅಲ್ಲ. 1980ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಆತ ಕೊಂಡದ್ದು ಕ್ಯಾಸಿಯೋ ಕಂಪೆನಿಯ ಪುಟ್ಟ ಕೀಬೋರ್ಡು. ನಮ್ಮ ಆರ್ಕೆಸ್ಟ್ರಾ ತಂಡಗಳಲ್ಲಿ ಯಾವ ಕಂಪೆನಿಯ ಕೀಬೋರ್ಡನ್ನಾದರೂ 'ಕ್ಯಾಸಿಯೋ' ಎಂದೇ ಕರೆಯುವ ರೂಢಿಯಿತ್ತಲ್ಲ, ಅದೇ. ಒಂದು ಗುಂಡಿ ಒತ್ತಿದರೆ ವಾಲ್ಟ್ಸ್, ಇನ್ನೊಂದಕ್ಕೆ ಟ್ಯಾಂಗೋ, ಮತ್ತೊಂದಕ್ಕೆ ರುಂಬಾ. ಒಂದೇ ಬೆರಳಿಟ್ಟರೆ ಪೂರ್ತಿ ಸ್ವರಮೇಳ ತಾನೇ ನುಡಿಯುತ್ತದೆ. ನುರಿತ ಸಂಗೀತಗಾರರು ಮೂಗು ಮುರಿಯುವ ಆಟಿಕೆ. ಆದರೆ ಕೊಹೆನ್‌ಗೆ ಅದೊಂದು ಬಿಡುಗಡೆಯಾಯಿತು. ಇಪ್ಪತ್ತು ವರ್ಷಗಳಿಂದ ಬೆರಳು ಕಲಿತದ್ದನ್ನೇ ಮೀಟುತ್ತಿತ್ತು. ತನ್ನ ಬೆರಳಿಗೆ ಬಾರದ ತಾಳವನ್ನು ಈ ಯಂತ್ರ ತಾನಾಗಿ ಕೊಡುತ್ತಿತ್ತು. ತನ್ನದಲ್ಲದ ತಾಳಕ್ಕೆ ಹಾಡು ಕಟ್ಟಬೇಕಾದಾಗ ತನ್ನದಲ್ಲದ ದನಿಯೂ ಬರಲು ದಾರಿಯಾಗುತ್ತದೆ.

ಆ ಕೀಬೋರ್ಡಿನಿಂದ ಹುಟ್ಟಿದ ಒಂದು ಹಾಡನ್ನು ಇಲ್ಲಿ ನೆನೆಯಲೇಬೇಕು. 'ಡ್ಯಾನ್ಸ್ ಮಿ ಟು ದಿ ಎಂಡ್ ಆಫ್ ಲವ್' ಎಂಬುದು ಅದರ ಹೆಸರು. ಮದುವೆಮನೆಗಳಲ್ಲಿ ಜೋಡಿಗಳು ಕುಣಿಯುವ ಪ್ರೇಮಗೀತೆಯಾಗಿ ಅದು ಪ್ರಸಿದ್ಧ. ಅದರ ಹುಟ್ಟಿನ ಬಗ್ಗೆ ಕೊಹೆನ್ ಹೇಳಿದ್ದು ಬೇರೆ. ನಾಜಿಗಳ ಕೆಲವು ಮರಣಶಿಬಿರಗಳಲ್ಲಿ ಸುಡುವ ಕುಲುಮೆಗಳ ಪಕ್ಕದಲ್ಲೇ ಕೈದಿಗಳಿಂದ ಪಿಟೀಲು ನುಡಿಸುತ್ತಿದ್ದರಂತೆ. ತಮ್ಮವರು ಬೂದಿಯಾಗುತ್ತಿರುವಾಗ ನುಡಿಸಬೇಕಾಗಿ ಬಂದವರ ಆ ಸಂಗೀತದ ನೆನಪಿನಿಂದ ಹಾಡು ಮೊದಲಾಯಿತು ಎಂದು ಆತ ವಿವರಿಸಿದ್ದಾನೆ. ಇದನ್ನು ತಿಳಿದು ಮತ್ತೆ ಕೇಳಿದರೆ ಆ ಅಗ್ಗದ ಕುಣಿತದ ತಾಳವೇ ಎದೆ ನಡುಗಿಸುತ್ತದೆ. ದೊಡ್ಡ ವಾದ್ಯವೃಂದ ಇದ್ದಿದ್ದರೆ ದುಃಖವನ್ನು ಅದೇ ಹೇಳಿಬಿಡುತ್ತಿತ್ತು. ಯಂತ್ರ ಏನೂ ಹೇಳುವುದಿಲ್ಲ. ಸುಮ್ಮನೆ ತಾಳ ಹಾಕುತ್ತಿರುತ್ತದೆ.

ಆ ಹಾಡಿದ್ದ 'ವೇರಿಯಸ್ ಪೊಸಿಷನ್ಸ್' ಸಂಪುಟ 1984ರಲ್ಲಿ ಸಿದ್ಧವಾಯಿತು. ಅದನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಲು ಕೊಲಂಬಿಯಾ ಕಂಪೆನಿಯ ಮುಖ್ಯಸ್ಥ ಒಪ್ಪಲಿಲ್ಲ. ನೀನು ದೊಡ್ಡವನೆಂಬುದು ಗೊತ್ತು, ಆದರೆ ಚೆನ್ನಾಗಿದ್ದೀಯೋ ಇಲ್ಲವೋ ತಿಳಿಯುತ್ತಿಲ್ಲ ಎಂಬ ಧಾಟಿಯಲ್ಲಿ ಆತ ಮಾತಾಡಿದ್ದನ್ನು ಕೊಹೆನ್ ಜೀವಮಾನವಿಡೀ ತಮಾಷೆಯಾಗಿ ಹೇಳಿಕೊಂಡು ತಿರುಗಿದ. ಸಣ್ಣ ಕಂಪೆನಿಯೊಂದು ಅದನ್ನು ಹೊರತಂದಿತು. ಹಾಗೆ ತಿರಸ್ಕೃತವಾದ ಸಂಪುಟದಲ್ಲೇ 'ಹಲ್ಲೆಲೂಯ' ಇತ್ತು ಎಂಬುದು ಈಗ ನಗು ತರಿಸುವ ವಿಷಯ. ಆಗ ನಗುವಂತಿರಲಿಲ್ಲ. ಸ್ವಂತ ಕಂಪೆನಿಗೇ ಬೇಡವಾದ, ಐವತ್ತು ದಾಟಿದ ಹಾಡುಗಾರನ ಮುಂದೆ ಉಳಿದ ದಾರಿಗಳು ಹೆಚ್ಚಿರಲಿಲ್ಲ. ಆತನನ್ನು ಮತ್ತೆ ಅಮೆರಿಕದ ಕಿವಿಗೆ ಮುಟ್ಟಿಸಿದವಳು ಜೆನಿಫರ್ ವಾರ್ನ್ಸ್. ಹಿಂದೆ ಆತನ ಹಿಮ್ಮೇಳದಲ್ಲಿ ಹಾಡುತ್ತಿದ್ದ ಆಕೆ ಕೊಹೆನ್‌ನ ಹಾಡುಗಳನ್ನೇ ಆರಿಸಿ 'ಫೇಮಸ್ ಬ್ಲೂ ರೇನ್‌ಕೋಟ್' ಎಂಬ ಸಂಪುಟ ಮಾಡಿ ಗೆದ್ದಳು. ಬಾಳೆಹಣ್ಣಿನ ಚಿತ್ರ ತೆಗೆದದ್ದು ಆಕೆಯ ಹಾಡಿನ ಚಿತ್ರೀಕರಣದಲ್ಲೇ.

ಆದರೆ ನಿಜವಾದ ತೊಡಕು ಕಂಪೆನಿಯದಾಗಿರಲಿಲ್ಲ. ಅದು ಕೊಹೆನ್‌ನ ಗಂಟಲಿನಲ್ಲೇ ಇತ್ತು. ಹೊಸ ಸಂಪುಟಕ್ಕೆಂದು ಆತ ಒಂದು ಹಾಡು ಬರೆದಿದ್ದ. ಈಜಿಪ್ಟಿನ ದಾಸ್ಯದಿಂದ ಯಹೂದಿಗಳು ಹೊರಟುಬಂದ ಬೈಬಲ್ ಕಥೆಯನ್ನು ಆತ್ಮದ ಬಿಡುಗಡೆಗೆ ರೂಪಕ ಮಾಡಿದ ಭಕ್ತಿಯ ಹಾಡು. ತಿಂಗಳುಗಟ್ಟಲೆ ತಿದ್ದಿದ್ದಾಗಿತ್ತು, ವಾದ್ಯಗಳ ಧ್ವನಿಮುದ್ರಣವೂ ಮುಗಿದಿತ್ತು. ಹಾಡಲು ನಿಂತಾಗ ಮಾತು ಹೊರಡಲಿಲ್ಲ. ಸಾಲುಗಳು ಚೆನ್ನಾಗಿದ್ದವು, ಆದರೆ ಅವು ಆತನಿಗೆ ಸುಳ್ಳಾಗಿ ಕೇಳಿಸಿದವು. ತನ್ನ ಆತ್ಮ ಬಿಡುಗಡೆಯಾಗಿದೆಯೆಂದು ಹಾಡುವ ಅಧಿಕಾರ ತನಗೆಲ್ಲಿದೆ? ಕೊನೆಗೆ ಅಡುಗೆಮನೆಯ ಮೇಜಿನ ಮುಂದೆ ಕುಳಿತು, ಸದ್ಯಕ್ಕೆ ತಾನು ನಿಜವೆಂದು ಹೇಳಬಲ್ಲದ್ದು ಏನು ಎಂದು ಮೊದಲಿನಿಂದ ಆರಂಭಿಸಿದ. ಬೆಳಗ್ಗೆ ಹಾಸಿಗೆಯಿಂದ ಎದ್ದದ್ದು, ಕಾಫಿ ಕುಡಿಯಲು ಹೊರಟದ್ದು, ಅಷ್ಟೇ. ಅಲ್ಲಿಂದ 'ಐ ಕಾಂಟ್ ಫರ್ಗೆಟ್' ಹುಟ್ಟಿತು. ಏನೋ ಒಂದನ್ನು ಮರೆಯಲಾಗುತ್ತಿಲ್ಲ, ಆದರೆ ಅದು ಏನೆಂಬುದೇ ನೆನಪಿಲ್ಲ ಎಂದು ಪೇಚಾಡುವ ಒಬ್ಬ ಮನುಷ್ಯ ಅದರಲ್ಲಿದ್ದಾನೆ. ಈಜಿಪ್ಟ್ ಇಲ್ಲ, ದೇವರಿಲ್ಲ. ಹಿನ್ನೆಲೆಯಲ್ಲಿ ಒಂದು ಸ್ಟೀಲ್ ಗಿಟಾರ್ ದೂರದಿಂದ ಕೊರಗುತ್ತದೆ, ಕೆಳಗೆ ಯಂತ್ರ ತನ್ನಷ್ಟಕ್ಕೆ ನಡೆಯುತ್ತದೆ.

ಇಡೀ ಸಂಪುಟದ ಕೀಲಿಕೈ ಇಲ್ಲಿದೆ ಎನ್ನಬಹುದು. ನೇರವಾಗಿ 'ನಾನು' ಎಂದು ಹೇಳಲು ಹೋದಾಗ ಗಂಟಲು ಕಟ್ಟಿತು. ಒಬ್ಬ ಪಾತ್ರಧಾರಿಯ ಬಾಯಿಂದ ಹೇಳಿಸಿದಾಗ ಸುಳ್ಳೆನಿಸಲಿಲ್ಲ. ಮುಖವಾಡ ಹಾಕಿಕೊಂಡದ್ದು ಬಚ್ಚಿಟ್ಟುಕೊಳ್ಳಲು ಅಲ್ಲ, ಬಾಯಿ ಬಿಡಲು.

ಹಾಗಾದರೆ ಆ ವೇಷಗಳು ಯಾರು ಯಾರು? ಮೊದಲ ಹಾಡು 'ಫಸ್ಟ್ ವಿ ಟೇಕ್ ಮ್ಯಾನ್‌ಹ್ಯಾಟನ್'. ಡಿಸ್ಕೋ ತಾಳ ದಡದಡನೆ ಹೊಡೆಯುತ್ತದೆ. ಅದರ ಮೇಲೆ ಒಬ್ಬ ತಣ್ಣಗಿನ ಸ್ವರದಲ್ಲಿ, ತಾನು ನ್ಯೂಯಾರ್ಕನ್ನೂ ಬರ್ಲಿನ್ನನ್ನೂ ವಶಪಡಿಸಿಕೊಳ್ಳುವುದಾಗಿ ಸಾರುತ್ತಾನೆ. ಅವನ ಸೇನೆ ಯಾವುದು, ಸಿಟ್ಟು ಯಾರ ಮೇಲೆ ಎಂಬುದು ಕೊನೆಗೂ ತಿಳಿಯದು. ಕ್ರಾಂತಿಕಾರಿಯೋ, ಹುಚ್ಚನೋ, ಸೋತ ಹಾಡುಗಾರನೋ? ಇದು ಭಯೋತ್ಪಾದಕನ ಹಾಡೇ ಎಂದು ಕೊಹೆನ್ ಸ್ಪಷ್ಟವಾಗಿ ಹೇಳಿದ್ದ. ಉಗ್ರವಾದಿಗಳ ಮಾತಿನಲ್ಲಿ ನೆಪಗಳಿರುವುದಿಲ್ಲ, ರಾಜಿಯಿರುವುದಿಲ್ಲ. ಆ ಆಕರ್ಷಣೆಯನ್ನು ಬಾಂಬಿನಲ್ಲಲ್ಲದೆ ಮನಸ್ಸಿನ ನೆಲೆಯಲ್ಲಿ ನೋಡುವುದು ತನ್ನ ಉದ್ದೇಶವೆಂಬುದು ಆತನ ವಿವರಣೆ. ಸಂಗೀತ ಇಲ್ಲಿ ಪಾತ್ರವನ್ನು ಖಂಡಿಸುವುದೂ ಇಲ್ಲ, ಬೆಂಬಲಿಸುವುದೂ ಇಲ್ಲ. ಕೇಳುಗನ ಕಾಲು ತಾಳ ಹಾಕುತ್ತಿರುತ್ತದೆ. ಸ್ವಲ್ಪ ಹೊತ್ತಿನ ಮೇಲೆ, ತಾನು ಯಾರ ಮೆರವಣಿಗೆಯಲ್ಲಿ ಹೆಜ್ಜೆ ಹಾಕುತ್ತಿದ್ದೇನೆಂದು ಅವನಿಗೇ ಗಾಬರಿಯಾಗುತ್ತದೆ. ಇದೇ ಹಾಡನ್ನು ವಾರ್ನ್ಸ್ ಮೊದಲು ಹಾಡಿದ್ದಳು, ಸ್ಟೀವಿ ರೇ ವಾನ್‌ನ ಬಿರುಸಾದ ಗಿಟಾರಿನೊಂದಿಗೆ. ಅದೂ ಚೆನ್ನಾಗಿದೆ. ಆದರೆ ಅಲ್ಲಿ ಗಾಬರಿಯಿಲ್ಲ. ಗಿಟಾರ್ ಸಿಟ್ಟನ್ನೆಲ್ಲ ತಾನೇ ಹೊರಹಾಕಿಬಿಡುತ್ತದೆ.

'ಎವ್ರಿಬಡಿ ನೋಸ್', ಅಂದರೆ ಎಲ್ಲರಿಗೂ ಗೊತ್ತು, ಶ್ಯಾರನ್ ರಾಬಿನ್ಸನ್ ಜೊತೆಗೂಡಿ ಬರೆದದ್ದು. ಇಲ್ಲಿ ಮಾತಾಡುವವನು ಸಿನಿಕ. ಪಗಡೆಯಲ್ಲಿ ಮೋಸವಿದೆ, ಬಡವ ಬಡವನಾಗಿಯೇ ಇರುತ್ತಾನೆ, ಮನೆಯ ಹೆಣ್ಣು ಕೈತಪ್ಪಿದ್ದಾಳೆ, ಊರಿಗೆ ಮಾರಿ ಬರುತ್ತಿದೆ. ಜಗತ್ತಿನ ಅನ್ಯಾಯವೂ ಹಾಸಿಗೆಯ ಅವಮಾನವೂ ಒಂದೇ ಉಸಿರಿನಲ್ಲಿ, ಒಂದೇ ಧಾಟಿಯಲ್ಲಿ, ಪಟ್ಟಿ ಓದಿದಂತೆ ಬರುತ್ತವೆ. ಏಡ್ಸ್ ರೋಗಕ್ಕೆ ಮದ್ದಿಲ್ಲದೆ ನಗರಗಳು ತತ್ತರಿಸುತ್ತಿದ್ದ ವರ್ಷಗಳು ಅವು. ಅದೇ ಭೀತಿ 'ಏಂಟ್ ನೋ ಕ್ಯೂರ್ ಫಾರ್ ಲವ್' ಹಾಡಿಗೂ ಪ್ರೇರಣೆ. ಕೊಹೆನ್ ಮತ್ತು ವಾರ್ನ್ಸ್ ನಡೆದಾಡುತ್ತ ಆ ರೋಗದ ಕುರಿತು ಮಾತಾಡುತ್ತಿದ್ದಾಗ, ಪ್ರೀತಿಸುವುದನ್ನು ಜನ ಬಿಡುತ್ತಾರೆಯೇ ಎಂಬ ಪ್ರಶ್ನೆಗೆ ಉತ್ತರವಾಗಿ ಆ ಶೀರ್ಷಿಕೆ ಹೊಳೆಯಿತಂತೆ.

ಸಂಪುಟಕ್ಕೆ ಹೆಸರು ಕೊಟ್ಟ ಹಾಡಿನಲ್ಲಿ ಬರುವವನು ಶರಣಾದ ಪ್ರೇಮಿ. ಪ್ರಿಯೆಗೆ ಯಾವ ಬಗೆಯ ಗಂಡಸು ಬೇಕೋ ಅದಾಗಲು ಸಿದ್ಧ. ವೈದ್ಯನೋ, ಜಟ್ಟಿಯೋ, ಕಾರು ಓಡಿಸುವವನೋ. ಮುಖವಾಡ ಬೇಕೆಂದರೆ ಅದಕ್ಕೂ ತಯಾರು. ಬಹುಮಂದಿ ಇದನ್ನು ನಿಷ್ಠೆಯ ಹಾಡೆಂದು ಮೆಚ್ಚುತ್ತಾರೆ. ಒಳಗೆ ಬೇರೆಯೇ ಇದೆ. ಅವಳು ಆಗಲೇ ಕೈಬಿಟ್ಟಿದ್ದಾಳೆ. ಅವನ ಬೇಡಿಕೆಯಲ್ಲಿ ಪ್ರೀತಿ ಎಷ್ಟು, ಲಂಪಟತನ ಎಷ್ಟು, ಬರಿಯ ಚಟ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಯಂತ್ರದ ಮಂದ್ರಸ್ವರ ಹೆಜ್ಜೆ ಹೆಜ್ಜೆಯಾಗಿ ಬರುತ್ತದೆ, ಬಾಗಿಲ ಬಳಿ ಯಾರೋ ಟೋಪಿ ಕೈಲಿ ಹಿಡಿದು ನಿಂತಂತೆ.

ಈ ಹಾಡುಗಳಲ್ಲಿ ಕಿವಿಗೆ ಬೀಳುವುದು ಎಷ್ಟು ಕಡಿಮೆ ಎಂಬುದನ್ನು ಗಮನಿಸಬೇಕು. ತಳದಲ್ಲಿ ತಾಳಯಂತ್ರ, ಅದರ ಮೇಲೆ ಕೀಬೋರ್ಡಿನ ಮಂದ್ರ, ಒಂದೆರಡು ತೆಳುವಾದ ಸ್ವರಪರದೆ. ಹೆಚ್ಚೆಂದರೆ ಹಾಡಿಗೊಬ್ಬ ಅತಿಥಿ. 'ಎವ್ರಿಬಡಿ ನೋಸ್'ನಲ್ಲಿ ಜಾನ್ ಬಿಲೆಜಿಕ್ಜಿಯನ್ ನುಡಿಸಿದ ಔದ್ ಎಂಬ ಪಶ್ಚಿಮ ಏಷ್ಯಾದ ತಂತಿವಾದ್ಯ, 'ಐ ಕಾಂಟ್ ಫರ್ಗೆಟ್'ನಲ್ಲಿ ಸ್ಟೀಲ್ ಗಿಟಾರ್, ಹೀಗೆ. ಈ ಎಲ್ಲದರ ನಡುವೆ ಕೊಹೆನ್‌ನ ಕಂಠ. ಸಿಗರೇಟು, ಮದ್ಯ, ವಯಸ್ಸು ಸೇರಿ ಅದು ಮೊದಲಿಗಿಂತ ತೀರ ಕೆಳಗಿಳಿದಿತ್ತು. ಹಾಡುವುದಕ್ಕಿಂತ ಮಾತಾಡುವುದಕ್ಕೆ ಹತ್ತಿರ. ಆತ ಮುಟ್ಟಲಾರದ ಮೇಲಿನ ಸ್ವರಗಳನ್ನು ಹಿಮ್ಮೇಳದ ಹೆಂಗಸರು ಮುಟ್ಟುತ್ತಾರೆ. ಅವರ ದನಿಯಲ್ಲಿ ರಾಗವಿದೆ, ಆತನ ದನಿಯಲ್ಲಿ ಮಾತಿದೆ. ಯಂತ್ರಕ್ಕೆ ಉಸಿರಿಲ್ಲವಾದ್ದರಿಂದ ಮನುಷ್ಯರ ಉಸಿರು ಇನ್ನಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ. ಸ್ವಚ್ಛ ಗೋಡೆಯ ಮೇಲೆ ನೆರಳು ಚೆನ್ನಾಗಿ ಬೀಳುವಂತೆ. ಏಕತಾರಿ ಹಿಡಿದ ತತ್ವಪದಕಾರ ವಾದ್ಯದ ಬಡತನವನ್ನೇ ಬಲವಾಗಿಸಿಕೊಳ್ಳುವುದನ್ನು ಕಂಡ ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

'ಟೇಕ್ ದಿಸ್ ವಾಲ್ಟ್ಸ್' ಮಾತ್ರ ಈ ಬಡತನಕ್ಕೆ ಅಪವಾದ. ಅದರಲ್ಲಿ ಪಿಟೀಲು ಧಾರಾಳವಾಗಿ ಹರಿಯುತ್ತದೆ. ಸ್ಪೇನಿನ ಕವಿ ಫೆಡೆರಿಕೊ ಗಾರ್ಸಿಯಾ ಲೋರ್ಕಾನ ಕವಿತೆಯೊಂದರ ಅನುವಾದ ಅದು. ಹದಿನೈದರ ಹರೆಯದಲ್ಲಿ ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕ ಲೋರ್ಕಾನೇ ಕೊಹೆನ್‌ನನ್ನು ಕವಿ ಮಾಡಿದ್ದು. ತನ್ನ ಮಗಳಿಗೆ ಆತ ಲೋರ್ಕಾ ಎಂದೇ ಹೆಸರಿಟ್ಟ. 1936ರ ಆಗಸ್ಟಿನಲ್ಲಿ ಫ್ರಾಂಕೋ ಪಕ್ಷದವರು ಗುಂಡಿಕ್ಕಿ ಕೊಂದ ಆ ಕವಿಯ ಐವತ್ತನೆಯ ಪುಣ್ಯತಿಥಿಯ ವರ್ಷದಲ್ಲಿ, ಗೌರವಾರ್ಥವಾಗಿ ಬಂದ ಸಂಪುಟಕ್ಕೆಂದು ಈ ಹಾಡು ಪ್ಯಾರಿಸ್ಸಿನಲ್ಲಿ ಮುದ್ರಣವಾಯಿತು. ಒಂದು ಕವಿತೆಯ ಅನುವಾದಕ್ಕೆ ನೂರೈವತ್ತು ಗಂಟೆ ಹಿಡಿಯಿತೆಂದು ಕೊಹೆನ್ ಹೇಳಿಕೊಂಡಿದ್ದಾನೆ. ಇಲ್ಲಿ ಆತ ತೊಟ್ಟದ್ದು ಸತ್ತ ಗುರುವಿನ ವೇಷ. ಅದನ್ನು ಬರಿಯ ಯಂತ್ರದ ಮೇಲೆ ಮಾತ್ರ ನಿಲ್ಲಿಸಲು ಮನಸ್ಸು ಒಪ್ಪಲಿಲ್ಲವೇನೋ.

'ಜಾಝ್ ಪೊಲೀಸ್' ಬಗ್ಗೆ ಹೆಚ್ಚು ಹೇಳುವುದು ಬೇಡ. ಅದೊಂದು ವಿನೋದದ ಪ್ರಯತ್ನ. ಯಂತ್ರದ ಚಮತ್ಕಾರ ಹೆಚ್ಚಾಗಿ, ಪಾತ್ರ ಯಾವುದೆಂದೇ ತಿಳಿಯದೆ, ಹಾಡು ಜಾರಿಹೋಗಿದೆ. ಬೇರೆ ಹಾಡುಗಳು ಏಕೆ ಗೆದ್ದವೆಂಬುದನ್ನು ತೋರಿಸಲು ಮಾತ್ರ ಅದು ಉಪಯುಕ್ತ.

ಕೊನೆಯ ಹಾಡು 'ಟವರ್ ಆಫ್ ಸಾಂಗ್'. ಹಾಡುಗಾರರೆಲ್ಲ ಬಾಡಿಗೆಗಿರುವ ಒಂದು ಗೋಪುರ. ಕೂದಲು ನರೆತ, ಮೈಕೈ ನೋಯುವ ಬಾಡಿಗೆದಾರನೊಬ್ಬ ಕೆಳಗಿನ ಮಹಡಿಯಲ್ಲಿದ್ದಾನೆ. ಎಷ್ಟೋ ಮಹಡಿ ಮೇಲೆ ಹ್ಯಾಂಕ್ ವಿಲಿಯಮ್ಸ್ ಕೆಮ್ಮುವುದು ಕೇಳಿಸುತ್ತದೆ. ಅಮೆರಿಕದ ಹಳ್ಳಿಗಾಡಿನ ಸಂಗೀತಕ್ಕೆ ದೊರೆಯಂತಿದ್ದ ವಿಲಿಯಮ್ಸ್ ಇಪ್ಪತ್ತೊಂಬತ್ತಕ್ಕೇ ತೀರಿಕೊಂಡವನು. ತನಗಿಂತ ಬಹಳ ಕಿರಿಯ ವಯಸ್ಸಿನಲ್ಲಿ ಸತ್ತವನನ್ನು ಮೇಲಿನ ಮಹಡಿಯ ಹಿರಿಯನೆಂದು ಐವತ್ಮೂರರ ಕವಿ ಕತ್ತೆತ್ತಿ ನೋಡುತ್ತಾನೆ. ಸಂಗೀತವೆಂದರೆ ಒಂದು ಪುಟ್ಟ ಕೀಬೋರ್ಡು, ಅದರದೇ ತಾಳ, ವಾರ್ನ್ಸ್‌ಳ ಹಳೆಯ ಕಾಲದ ಗುನುಗು. ನಡುವೆ ಒಂದು ಕೀಬೋರ್ಡ್ ವಾದನ ಬರುತ್ತದೆ. ಕಲಿಯುವ ಮಗು ನುಡಿಸಿದಂತೆ ಒಂದೇ ಬೆರಳಿನಲ್ಲಿ, ತಡವರಿಸುತ್ತ. ಬೇರೆ ಯಾವ ಸಂಗೀತಗಾರನಾದರೂ ಅದನ್ನು ಅಳಿಸಿ, ಒಳ್ಳೆಯ ವಾದಕನನ್ನು ಕರೆಸುತ್ತಿದ್ದ. ಕೊಹೆನ್ ಹಾಗೇ ಉಳಿಸಿಕೊಂಡ. ಎಂಟೂ ಹಾಡುಗಳಲ್ಲಿ ವೇಷ ಅತ್ಯಂತ ತೆಳುವಾಗಿ, ಮನುಷ್ಯ ಹೆಚ್ಚುಕಡಿಮೆ ಕಾಣಿಸಿಬಿಡುವ ಹಾಡು ಇದೇ.

ಸಂಪುಟ ಯೂರೋಪಿನಲ್ಲಿ ಚೆನ್ನಾಗಿ ಮಾರಾಟವಾಯಿತು. ನಾರ್ವೆಯಲ್ಲಿ ವಾರಗಟ್ಟಲೆ ಮೊದಲ ಸ್ಥಾನದಲ್ಲಿತ್ತು. ಹಿಂದೆ ಬೇಡವೆಂದಿದ್ದ ಕಂಪೆನಿಯೇ ಹೊರದೇಶಗಳ ಮಾರಾಟಕ್ಕಾಗಿ ಪ್ರಶಸ್ತಿಯನ್ನೂ ಕೊಟ್ಟಿತು. ತನ್ನ ಕೆಲಸದಲ್ಲಿ ಕಂಪೆನಿ ತೋರುತ್ತ ಬಂದ ವಿನಮ್ರ ಆಸಕ್ತಿ ಯಾವಾಗಲೂ ಮನ ಮುಟ್ಟಿದೆ ಎಂದು ಕೊಹೆನ್ ಅಲ್ಲಿ ಕೃತಜ್ಞತೆ ಸೂಚಿಸಿದ! 1991ರಲ್ಲಿ ಫ್ರಾನ್ಸಿನ ಪತ್ರಿಕೆಯೊಂದರ ಮುತುವರ್ಜಿಯಿಂದ 'ಐ ಆ್ಯಮ್ ಯುವರ್ ಫ್ಯಾನ್' ಎಂಬ ಗೌರವ ಸಂಪುಟ ಬಂತು, ಆರ್.ಇ.ಎಂ., ನಿಕ್ ಕೇವ್ ಮುಂತಾದ ಕಿರಿಯರು ಆತನ ಹಾಡುಗಳನ್ನು ತಮ್ಮದೇ ರೀತಿಯಲ್ಲಿ ಹಾಡಿದರು. ಅದೇ ಸಂಪುಟದಲ್ಲಿ ಜಾನ್ ಕೇಲ್ ಹಾಡಿದ 'ಹಲ್ಲೆಲೂಯ' ಆ ತಿರಸ್ಕೃತ ಹಾಡಿನ ಎರಡನೆಯ ಜನ್ಮಕ್ಕೆ ಕಾರಣವಾಯಿತು.

ಯಶಸ್ಸಿನ ನಂತರದ ದಾರಿ ಸರಳವಾಗಿರಲಿಲ್ಲ. ದೀರ್ಘಕಾಲದ ಖಿನ್ನತೆ ಆತನನ್ನು ಬಿಟ್ಟಿರಲಿಲ್ಲ. 1994ರಿಂದ ಲಾಸ್ ಏಂಜಲಿಸ್ ಬಳಿಯ ಮೌಂಟ್ ಬಾಲ್ಡಿ ಎಂಬ ಬೆಟ್ಟದ ಝೆನ್ ಆಶ್ರಮದಲ್ಲಿ ಐದು ವರ್ಷ ಕಳೆದ; 1996ರಲ್ಲಿ ಬೌದ್ಧ ಸನ್ಯಾಸಿಯಾಗಿ ದೀಕ್ಷೆಯನ್ನೂ ಪಡೆದ. 1999ರಲ್ಲಿ ಅಲ್ಲಿಂದಿಳಿದು ಬಂದದ್ದು ಮುಂಬಯಿಗೆ, ರಮೇಶ್ ಬಾಲ್ಸೇಕರ್ ಅವರ ಬಳಿಗೆ. ಬ್ಯಾಂಕ್ ಆಫ್ ಇಂಡಿಯಾದ ಉನ್ನತ ಹುದ್ದೆಯಿಂದ ನಿವೃತ್ತರಾದ ಬಾಲ್ಸೇಕರ್ ನಿಸರ್ಗದತ್ತ ಮಹಾರಾಜರ ಶಿಷ್ಯರು. ಬೆಳಗಿನ ಹೊತ್ತು ತಮ್ಮ ಮನೆಯಲ್ಲೇ ಬಂದವರೊಡನೆ ಅದ್ವೈತದ ಮಾತಾಡುತ್ತಿದ್ದರು. ಮಾಡುವವನು ನೀನೆಂಬ ಭ್ರಮೆ ಬಿಡು ಎಂಬುದು ಅವರ ಬೋಧನೆಯ ತಿರುಳು. ಕೆಂಪ್ಸ್ ಕಾರ್ನರ್‌ನ ಸಾಧಾರಣ ಹೋಟೆಲೊಂದರಲ್ಲಿ ಇಳಿದುಕೊಂಡು ಕೊಹೆನ್ ಆ ಮನೆಗೆ ಹೋಗಿಬರುತ್ತಿದ್ದ. ಆ ವರ್ಷಗಳಲ್ಲೇ ತನ್ನ ಖಿನ್ನತೆ ಮೆಲ್ಲಗೆ ಕರಗಿತೆಂದು ಆತ ನಂತರ ಹೇಳಿದ. ವೇಷ ಹಾಕದೆ 'ನಾನು' ಎನ್ನಲಾರದೆ ಒದ್ದಾಡಿದ್ದವನಿಗೆ, ಆ 'ನಾನು' ಎಂಬುದೇ ಒಂದು ವೇಷವೆಂಬ ಮಾತು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ನಂತರ ಬಂದ ಸಂಪುಟ 'ಟೆನ್ ನ್ಯೂ ಸಾಂಗ್ಸ್' (2001) ಯಂತ್ರದ ದಾರಿಯಲ್ಲಿ ಇನ್ನೂ ಮುಂದೆ ಹೋಯಿತು. ಶ್ಯಾರನ್ ರಾಬಿನ್ಸನ್ ಮಾದರಿಗೆಂದು ಕೀಬೋರ್ಡಿನಲ್ಲಿ ಮಾಡಿಕೊಟ್ಟ ಹಿನ್ನೆಲೆಗಳನ್ನು ಮುಂದೆ ನಿಜವಾದ ವಾದ್ಯಗಳಿಂದ ತುಂಬಿಸುವ ಯೋಚನೆಯಿತ್ತು. ಬೇಡ, ಹಾಗೇ ಇರಲಿ ಎಂದ ಕೊಹೆನ್.

2004ರ ಸುಮಾರಿಗೆ, ಕೂಡಿಟ್ಟ ಹಣವೆಲ್ಲ ನಂಬಿದವರಿಂದಲೇ ಕರಗಿಹೋಗಿರುವುದು ಗೊತ್ತಾಗಿ, ಎಪ್ಪತ್ಮೂರನೆಯ ವಯಸ್ಸಿನಲ್ಲಿ ಆತ ಮತ್ತೆ ವೇದಿಕೆ ಹತ್ತಬೇಕಾಯಿತು. 2008ರ ಮಾರ್ಚಿನಲ್ಲಿ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸ್ವೀಕರಿಸುವಾಗ 'ಟವರ್ ಆಫ್ ಸಾಂಗ್' ಹಾಡಿನ ಸಾಲುಗಳನ್ನು ಕವಿತೆಯಂತೆ ಓದಿದ. ಆ ವರ್ಷ ಶುರುವಾದ ಪ್ರವಾಸಗಳು 2013ರ ಡಿಸೆಂಬರ್‌ನಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಮುಗಿದವು. ಕೊಹೆನ್ ತೀರಿಕೊಂಡದ್ದು 2016ರ ನವೆಂಬರ್ 7ರಂದು. ಆ ಕಚೇರಿಗಳಲ್ಲಿ ನುರಿತ ವಾದಕರ ದೊಡ್ಡ ತಂಡವೇ ಹಿಂದಿರುತ್ತಿತ್ತು. ಆದರೆ 'ಟವರ್ ಆಫ್ ಸಾಂಗ್' ಬಂದಾಗ ಆತ ಟೋಪಿ ಸರಿಪಡಿಸಿಕೊಂಡು ಪುಟ್ಟ ಕೀಬೋರ್ಡಿನ ಮುಂದೆ ನಿಂತು ತಾಳದ ಗುಂಡಿ ಒತ್ತುತ್ತಿದ್ದ. ಅದೇ ಒಂದು ಬೆರಳಿನ ವಾದನ. ಸಾವಿರಾರು ಜನ ಮಹಾ ವಿದ್ವಾಂಸನ ತನಿಯನ್ನು ಕೇಳಿದವರಂತೆ ಚಪ್ಪಾಳೆ ತಟ್ಟುತ್ತಿದ್ದರು. ನೀವು ತುಂಬಾ ಉದಾರಿಗಳು ಎಂಬಂತೆ ಆತ ತಲೆಬಾಗಿ ಹಾಡು ಮುಂದುವರಿಸುತ್ತಿದ್ದ.